ನಾಡಿ ಸಿಗುವುದು ಕೈಗೆ

ಮಂಗಳೂರಿನ ಕಂಕನಾಡಿಯಲ್ಲಿ 1880ರಲ್ಲಿ ಜೆಸ್ವಿಟ್ ಪಾದ್ರಿ ಆಗಸ್ಟಸ್ ಮುಲ್ಲರ್ ಆಲದ ಮರದಡಿ ಔಷಧಿ ಕೊಡಲು ಶುರುಮಾಡಿದರು. ಅಲ್ಲಿಂದ ಬೆಳೆದ ಸಂಸ್ಥೆಯಲ್ಲಿ ಇಂದು ಆಸ್ಪತ್ರೆಯ ಜತೆಗೆ ನರ್ಸಿಂಗ್ ಕಾಲೇಜೂ ಇದೆ. ರೋಗಿಯ ಪಕ್ಕದಲ್ಲೇ ಪಾಠ ಎಂಬುದು ಈ ಊರಿಗೆ ಹೊಸದಲ್ಲ.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದಾಗ ಕಾಲೇಜುಗಳು ಮುಚ್ಚಿದವು, ಪಾಠ ಮೊಬೈಲಿಗೆ ಬಂತು. ಅಂಗರಚನೆ, ಔಷಧಶಾಸ್ತ್ರದ ಪಾಠ ಹಾಗೆಯೂ ನಡೆದೀತು. ಇಂಜೆಕ್ಷನ್ ಕೊಡುವ ವಿಡಿಯೊವನ್ನು ಹತ್ತು ಸಲ ನೋಡಬಹುದು. ಹಾಗೆ ನೋಡಿಕೊಂಡು ಬಂದವರಿಗೆ ವಾರ್ಡಿನಲ್ಲಿ ತಡವರಿಕೆ ಕಡಿಮೆ. ಇದು ನಿಜವಾದ ಲಾಭ.

ಆದರೆ ನಾಡಿ ನೋಡುವ ಕೆಲಸವನ್ನೇ ತೆಗೆದುಕೊಳ್ಳಿ. ಮಣಿಕಟ್ಟಿನಲ್ಲಿ ಹೆಬ್ಬೆರಳಿನ ಬದಿಗೆ ಬೆರಳುಗಳನ್ನು ಮೆಲ್ಲಗೆ ಒತ್ತಬೇಕು. ನಮ್ಮ ಹೆಬ್ಬೆರಳನ್ನು ಬಳಸುವಂತಿಲ್ಲ, ಅದಕ್ಕೆ ತನ್ನದೇ ಮಿಡಿತವಿದೆ. ಜೋರಾಗಿ ಒತ್ತಿದರೆ ನಾಡಿ ಸಿಗದು, ಹಗುರವಾದರೂ ಸಿಗದು. ನಡುವೆ ಒಂದು ಬಡಿತ ತಪ್ಪಿತೇ? ಪೂರ್ತಿ ಒಂದು ನಿಮಿಷ ಎಣಿಸಿದ ಬೆರಳಿಗಷ್ಟೇ ಅದು ಗೊತ್ತಾಗುತ್ತದೆ.

ಇನ್ನು ಮಾತು. ಮಂಗಳೂರಿನ ಒಂದೇ ವಾರ್ಡಿನಲ್ಲಿ ತುಳು, ಕೊಂಕಣಿ, ಬ್ಯಾರಿ, ಕನ್ನಡ ಕೇಳಿಸುತ್ತವೆ. ಕೇರಳದಿಂದ ಬಂದ ಹುಡುಗಿ ಅಜ್ಜಿಯ ಕೈ ಹಿಡಿದು "ಬೇನೆ ಉಂಡಾ?" ಎಂದು ತುಳುವಿನಲ್ಲಿ ಕೇಳಿದರೆ, ಅಷ್ಟು ಹೊತ್ತು ತಲೆಯಾಡಿಸುತ್ತಿದ್ದ ಅಜ್ಜಿ ಬಾಯಿಬಿಟ್ಟು ನೋವು ಹೇಳಿಕೊಳ್ಳುತ್ತಾರೆ. ಈ ಪಾಠ ಯಾವ ಆ್ಯಪ್‌ನಲ್ಲೂ ಇಲ್ಲ.

ಭಾರತೀಯ ನರ್ಸಿಂಗ್ ಕೌನ್ಸಿಲ್‌ನ ಪರಿಷ್ಕೃತ ಬಿ.ಎಸ್ಸಿ. ಪಠ್ಯಕ್ರಮವೂ ವಾರ್ಡಿನ ಕಲಿಕೆಯ ಮಹತ್ವವನ್ನು ಒಪ್ಪಿದೆ. ಅದರಲ್ಲಿ ಒಂದು ಕ್ರೆಡಿಟ್‌ಗೆ ತರಗತಿ ಪಾಠವಾದರೆ 20 ಗಂಟೆ, ಸ್ಕಿಲ್ ಲ್ಯಾಬ್ ಆದರೆ 40 ಗಂಟೆ, ಆಸ್ಪತ್ರೆಯ ಡ್ಯೂಟಿಯಾದರೆ 80 ಗಂಟೆ. ಮನೆಯಲ್ಲಿ ವಿಡಿಯೊ ನೋಡಲಿ, ಲ್ಯಾಬಿನ ಗೊಂಬೆಯ ಮೇಲೆ ಕೈ ಪಳಗಲಿ, ಆಮೇಲೆ ವಾರ್ಡಿಗೆ ಬರಲಿ. ಮೊದಲೆರಡು ಮೆಟ್ಟಿಲು ಎಷ್ಟೇ ಗಟ್ಟಿಯಾದರೂ ಆ 80 ಗಂಟೆಯಲ್ಲಿ ಒಂದು ಗಂಟೆಯೂ ಕಡಿಮೆಯಾಗಬಾರದು.

ಮಗಳನ್ನು ನರ್ಸಿಂಗ್‌ಗೆ ಸೇರಿಸುವ ತಂದೆತಾಯಂದಿರು ಫೀಸು, ಹಾಸ್ಟೆಲ್ ವಿಚಾರಿಸುತ್ತಾರೆ. ಅದರ ಜತೆ ಇನ್ನೊಂದು ಮಾತು ಕೇಳಲಿ: ಡ್ಯೂಟಿ ಯಾವ ಆಸ್ಪತ್ರೆಯಲ್ಲಿ, ಅಲ್ಲಿ ರೋಗಿಗಳು ಇದ್ದಾರೆಯೇ, ಮಂಚದ ಪಕ್ಕ ನಿಂತು ತಿದ್ದುವ ಹಿರಿಯ ಸಿಸ್ಟರ್ ಇದ್ದಾರೆಯೇ? ನಾಳೆ ನಡುರಾತ್ರಿ ನಾವು ಕರೆಗಂಟೆ ಒತ್ತಿದಾಗ ಓಡಿ ಬರುವವಳು ಅದೇ ಹುಡುಗಿ.