ಬಂಡೀಪುರದ ದಾರಿಯಲ್ಲಿ ಪುಟ್ಟ ಸ್ಮೋಕರ್

ಗುಂಡ್ಲುಪೇಟೆ ದಾಟಿದರೆ ಬಂಡೀಪುರ. ಬ್ಯಾಗಿನಲ್ಲಿ ಅಡುಗೆಗೆ ಹೊಗೆಯ ಘಮ ಕೊಡುವ ಪುಟ್ಟ ಸ್ಮೋಕರ್ ಇದೆಯೇ? ಕಾಡಿನೊಳಗೆ ಅದನ್ನು ಹೊರತೆಗೆಯಲೇಬೇಡಿ.

2019ರ ಫೆಬ್ರುವರಿಯಲ್ಲಿ ಇಲ್ಲಿ ಎದ್ದ ಕಾಳ್ಗಿಚ್ಚು ಸಾವಿರಾರು ಎಕರೆ ಕಾಡನ್ನು ಸುಟ್ಟಿತು. ಹುಲಿ ಸಂರಕ್ಷಿತ ಪ್ರದೇಶದಲ್ಲಿ ಬೆಂಕಿ ಹಚ್ಚುವುದು ಅಪರಾಧ.

ಹಾಗಾದರೆ ಎಲ್ಲಿ? ಕಾಡಿನಾಚೆಯ ಹೋಂಸ್ಟೇ ಅಂಗಳದಲ್ಲಿ, ಮಾಲೀಕರನ್ನು ಕೇಳಿಕೊಂಡು.

ಸ್ಮೋಕರಿನ ಬಟ್ಟಲಿಗೆ ಒಂದು ಚಿಟಿಕೆ ಒಣಗಿದ ಮಾವಿನ ಮರದ ಚೂರು ಹಾಕಿ ಹೊತ್ತಿಸಿ. ಒಳಗಿನ ಫ್ಯಾನ್ ಹೊಗೆಯನ್ನು ಕೊಳವೆಗೆ ತಳ್ಳುತ್ತದೆ. ಕೊಳವೆಯ ತುದಿಯನ್ನು ಪಾತ್ರೆಯೊಳಗಿಟ್ಟು, ಹೊಗೆ ತುಂಬಿಸಿ, ಮೂರ್ನಾಲ್ಕು ನಿಮಿಷ ಮುಚ್ಚಿಡಿ. ಪನೀರಿಗೂ ಸುಟ್ಟ ಬದನೆಕಾಯಿಗೂ ಘಮ ಹತ್ತುತ್ತದೆ.

ಈ ತಣ್ಣನೆಯ ಹೊಗೆ ಏನನ್ನೂ ಬೇಯಿಸುವುದಿಲ್ಲ. ಕೋಳಿ ಮೊದಲೇ ಪೂರ್ತಿ ಬೆಂದಿರಬೇಕು.

ಟೆಂಟ್ ಅಥವಾ ಕಾರಿನೊಳಗೆ ಸ್ಮೋಕರ್ ಬೇಡವೇ ಬೇಡ. ಹೊಗೆಯಲ್ಲಿರುವ ವಿಷಕಾರಿ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ. ಬೂದಿಗೆ ನೀರು ಸುರಿದು, ಪೂರ್ತಿ ಆರಿದ ಮೇಲಷ್ಟೇ ಕಸದ ಬುಟ್ಟಿಗೆ ಹಾಕಿ.