ಸ್ಕ್ಯಾನ್ ರಿಪೋರ್ಟ್‌ನಲ್ಲಿ ‘ಸ್ಮಾಲ್ ವೆಸೆಲ್’ ಅಂತ ಬಂದಿದ್ಯಾ? ಗಾಬರಿ ಬೇಡ, ಆದ್ರೆ ಬಿಪಿ ಮಾತ್ರೆ ಬಿಡಬೇಡಿ

ಕೋಲಾರ: ತಲೆಸುತ್ತು ಅಂತಲೋ, ಮರೆವು ಜಾಸ್ತಿಯಾಯ್ತು ಅಂತಲೋ ಮನೆಯ ಹಿರಿಯರಿಗೆ ಎಂಆರ್‌ಐ ಮಾಡಿಸಿರ್ತೀವಿ. ರಿಪೋರ್ಟ್‌ನ ಕೊನೆಯಲ್ಲಿ ‘ಸ್ಮಾಲ್ ವೆಸೆಲ್ ಇಸ್ಕೀಮಿಕ್ ಚೇಂಜಸ್’ ಅಥವಾ ‘ವೈಟ್ ಮ್ಯಾಟರ್ ಚೇಂಜಸ್, ಫಜೆಕಾಸ್ ಗ್ರೇಡ್ 2’ ಅಂತ ಒಂದು ಸಾಲು ಇರುತ್ತೆ. ಡಾಕ್ಟರ್ ಹತ್ರ ರಶ್ಶು. ‘ವಯಸ್ಸಿಗೆ ಬರೋದು, ಬಿಪಿ ನೋಡ್ಕೊಳ್ಳಿ’ ಅಂದು ಮುಂದಿನ ನಂಬರ್ ಕರೀತಾರೆ. ಮನೆಗೆ ಬಂದ ಮೇಲೆ ಕೆಲವರು ಮೊಬೈಲ್‌ನಲ್ಲಿ ಹುಡುಕಿ ಹೆದರ್ತಾರೆ, ಇನ್ನು ಕೆಲವರು ಕವರನ್ನು ಬೀರು ಮೇಲಿಟ್ಟು ಮರೀತಾರೆ. ಎರಡೂ ತಪ್ಪೇ. ಆ ಒಂದು ಸಾಲಿನ ಅರ್ಥ ಏನು, ಮನೆಯವರು ಏನು ಮಾಡ್ಬೇಕು ಅನ್ನೋದು ಇಲ್ಲಿದೆ.

ಮೊದಲೇ ಹೇಳಿಬಿಡೋಣ. ಇದು ಗಡ್ಡೆ ಅಲ್ಲ, ಕ್ಯಾನ್ಸರ್ ಅಲ್ಲ, ಅಂಟುರೋಗವೂ ಅಲ್ಲ. ಮೆದುಳಿನ ಒಳಗಿನ ಸಣ್ಣ ಸಣ್ಣ ರಕ್ತನಾಳಗಳು ಹಾಳಾಗ್ತಿವೆ ಅನ್ನೋ ಸೂಚನೆ.

ಡ್ರಿಪ್ ಪೈಪಿನ ಲೆಕ್ಕ

ಮೆದುಳಿನ ತೂಕ ದೇಹದ ತೂಕದಲ್ಲಿ ನೂರಕ್ಕೆ ಸುಮಾರು 2 ಭಾಗ ಅಷ್ಟೆ. ಆದ್ರೆ ದೇಹ ಬಳಸುವ ಆಮ್ಲಜನಕದಲ್ಲಿ ನೂರಕ್ಕೆ ಸುಮಾರು 20 ಭಾಗ ಅದಕ್ಕೇ ಬೇಕು. ಕುತ್ತಿಗೆಯ ಮೂಲಕ 4 ದೊಡ್ಡ ರಕ್ತನಾಳಗಳು ಮೇಲೆ ಹೋಗಿ, ಕವಲು ಕವಲಾಗಿ ಒಡೆದು, ಕೊನೆಗೆ ಕೂದಲೆಳೆಯಷ್ಟು ಸಣ್ಣದಾಗಿ ಮೆದುಳಿನ ಆಳಕ್ಕೆ ಇಳಿಯುತ್ತವೆ.

ಟೊಮೆಟೊ ತೋಟಕ್ಕೆ ಡ್ರಿಪ್ ಹಾಕಿಸಿದವರಿಗೆ ಇದು ಬೇಗ ಅರ್ಥವಾಗುತ್ತೆ. ಮೋಟಾರ್ ಓಡ್ತಿರುತ್ತೆ, ಮೇನ್ ಪೈಪಿನಲ್ಲಿ ನೀರು ಜೋರಾಗಿ ಬರ್ತಿರುತ್ತೆ. ಆದ್ರೆ ಬೋರ್ ನೀರಿನ ಉಪ್ಪು ಕಟ್ಟಿ ಸಣ್ಣ ಪೈಪಿನ ತೂತುಗಳು ಮುಚ್ಚಿಕೊಂಡಿದ್ರೆ ಸಾಲಿನ ಕೊನೆಯ ಗಿಡಗಳು ಬಾಡುತ್ತವೆ. ದೂರದಿಂದ ನೋಡಿದ್ರೆ ತೋಟ ಹಸಿರಾಗೇ ಕಾಣುತ್ತೆ.

ಮೇನ್ ಪೈಪು ಕಟ್ಟಿಕೊಂಡ್ರೆ ಅಥವಾ ಒಡೆದ್ರೆ ಆಗೋದು ನಾವೆಲ್ಲ ನೋಡಿರೋ ದೊಡ್ಡ ಸ್ಟ್ರೋಕ್. ಕೈಕಾಲು ಬಿದ್ದುಹೋಗುತ್ತೆ, ಮನೆಮಂದಿ ಓಡಾಡ್ತಾರೆ. ಸಣ್ಣ ಪೈಪು ಕಟ್ಟಿಕೊಂಡ್ರೆ ಸದ್ದೇ ಇರಲ್ಲ. ಬಿಪಿ ವರ್ಷಗಟ್ಟಲೆ ಜಾಸ್ತಿ ಇದ್ರೆ ಈ ಸಣ್ಣ ನಾಳಗಳ ಗೋಡೆ ದಪ್ಪವಾಗುತ್ತೆ, ಗಡುಸಾಗುತ್ತೆ, ಒಳಗಿನ ದಾರಿ ಕಿರಿದಾಗುತ್ತೆ. ಕೆಲವು ಕಡೆ ರಕ್ತ ಒಸರುವುದೂ ಉಂಟು. ಈ ನಾಳಗಳಲ್ಲಿ ಹೆಚ್ಚಿನವಕ್ಕೆ ಪಕ್ಕದಿಂದ ರಕ್ತ ತಂದುಕೊಡುವ ಬೇರೆ ದಾರಿ ಇಲ್ಲ. ಒಂದು ಮುಚ್ಚಿದ್ರೆ ಅದರ ಪಾಲಿನ ಜಾಗ ಒಣಗಿದ ಹಾಗೇ ಲೆಕ್ಕ. ರಕ್ತ ಕಟ್ಟಿ ಆಗುವ ಸ್ಟ್ರೋಕ್‌ಗಳಲ್ಲೂ ಸುಮಾರು ನಾಲ್ಕರಲ್ಲಿ ಒಂದು ಈ ಸಣ್ಣ ನಾಳಗಳಿಂದಲೇ ಆಗೋದು.

ಬಿಳಿ ಭಾಗ ಅಂದ್ರೆ ವೈರಿಂಗ್

ಮೆದುಳಿನ ಹೊರಪದರ ಬೂದು ಬಣ್ಣದ್ದು, ಲೆಕ್ಕಾಚಾರ ಎಲ್ಲ ಹೆಚ್ಚಾಗಿ ಅಲ್ಲಿ ನಡೆಯುತ್ತೆ. ಒಳಗಿನ ಬಿಳಿ ಭಾಗ ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಸುದ್ದಿ ಒಯ್ಯುವ ವೈರಿಂಗ್. ವೈರಿಗೆ ಪ್ಲಾಸ್ಟಿಕ್ ಕೋಟಿಂಗ್ ಇರೋ ಹಾಗೆ ಈ ನರತಂತುಗಳಿಗೆ ಮಯೆಲಿನ್ ಅನ್ನೋ ಕೊಬ್ಬಿನ ಹೊದಿಕೆ ಇದೆ. ಅದರಿಂದಲೇ ಬಿಳಿ ಬಣ್ಣ, ಅದರಿಂದಲೇ ಸುದ್ದಿ ವೇಗವಾಗಿ ಓಡೋದು. ರಕ್ತ ಸರಿಯಾಗಿ ಸಿಗದಿದ್ರೆ ಈ ಹೊದಿಕೆ ಹಾಳಾಗುತ್ತೆ, ಸುದ್ದಿ ನಿಧಾನವಾಗುತ್ತೆ. ಹಾಳಾದ ಜಾಗ ಎಂಆರ್‌ಐನಲ್ಲಿ ಹೊಳೆಯುವ ಬಿಳಿ ಚುಕ್ಕೆಯಾಗಿ ಕಾಣುತ್ತೆ.

ಆ ಚುಕ್ಕೆಗಳನ್ನು ಅಳೆಯೋದಕ್ಕೆ ಆಸ್ಟ್ರಿಯಾದ ವೈದ್ಯ ಫ್ರಾಂಜ್ ಫಜೆಕಾಸ್ ಮತ್ತು ಜೊತೆಗಾರರು 1987ರಲ್ಲಿ ಒಂದು ಅಳತೆ ಕೊಟ್ಟರು. 0 ಅಂದ್ರೆ ಏನೂ ಇಲ್ಲ. 1 ಅಂದ್ರೆ ಅಲ್ಲೊಂದು ಇಲ್ಲೊಂದು ಚುಕ್ಕೆ. 2 ಅಂದ್ರೆ ಚುಕ್ಕೆಗಳು ಒಂದಕ್ಕೊಂದು ಕೂಡಿಕೊಳ್ಳೋಕೆ ಶುರು. 3 ಅಂದ್ರೆ ದೊಡ್ಡ ದೊಡ್ಡ ಮಚ್ಚೆಗಳಾಗಿವೆ. 60 ದಾಟಿದ ಬಹುತೇಕರಲ್ಲಿ ಒಂದಿಷ್ಟು ಚುಕ್ಕೆ ಇದ್ದೇ ಇರುತ್ತೆ. ಹಾಗಾಗಿ ಗ್ರೇಡ್ 1 ನೋಡಿ ಊಟ ಬಿಡಬೇಕಾಗಿಲ್ಲ. ಗ್ರೇಡ್ 2, 3 ಇದ್ರೆ, ಅಥವಾ ವಯಸ್ಸು ಇನ್ನೂ 50ರ ಆಸುಪಾಸಿದ್ರೆ, ಡಾಕ್ಟರ್ ಹತ್ರ ಕೂತು ಕಾರಣ ಕೇಳಲೇಬೇಕು.

ಅಂಗಡಿಯಲ್ಲಿ ಕಾಣೋದು ಹೀಗೆ

ಮರೆವಿನ ಕಾಯಿಲೆ ಅಂದ ಕೂಡಲೇ ಹೆಸರು ಮರೆಯೋದು, ದಾರಿ ತಪ್ಪೋದು ನೆನಪಿಗೆ ಬರುತ್ತೆ. ಇಲ್ಲಿ ಸಾಮಾನ್ಯವಾಗಿ ಮೊದಲು ಕೆಡೋದು ನೆನಪಲ್ಲ, ವೇಗ. ಒಂದು ಕಡೆ ಗಿರಾಕಿ, ಇನ್ನೊಂದು ಕಡೆ ಫೋನು ಬಂದ್ರೆ ಯಜಮಾನ್ರಿಗೆ ಎರಡನ್ನೂ ನಿಭಾಯಿಸೋಕೆ ಆಗಲ್ಲ. ಬಾಯಲ್ಲೇ ಹೇಳ್ತಿದ್ದ ಟೋಟಲ್‌ಗೆ ಕ್ಯಾಲ್ಕುಲೇಟರ್ ಬೇಕಾಗುತ್ತೆ. ಚಿಲ್ಲರೆ ಕೊಡೋದು ತಡ, ಉದ್ರಿ ಪುಸ್ತಕದಲ್ಲಿ ಒಂದೇ ಸಾಲ ಎರಡು ಸಲ ಬರೆದಿರೋದು. ನಡಿಗೆ ಚಿಕ್ಕದಾಗುತ್ತೆ, ಪಾದ ನೆಲಕ್ಕೆ ಅಂಟಿದ ಹಾಗೆ ಎಳೀತಾರೆ, ಮೆಟ್ಟಿಲಲ್ಲಿ ಮುಗ್ಗರಿಸ್ತಾರೆ. ಮೂತ್ರಕ್ಕೆ ಅವಸರ. ಯಾವುದರಲ್ಲೂ ಆಸಕ್ತಿ ಇಲ್ಲ, ಸುಮ್ಮನೆ ಕೂತಿರ್ತಾರೆ, ಇಲ್ಲಾಂದ್ರೆ ಸಣ್ಣದಕ್ಕೂ ಸಿಡುಕು.

ಮನೆಯಲ್ಲಿ ಇದಕ್ಕೆ ಕೊಡೋ ಹೆಸರು ಎರಡು: ‘ವಯಸ್ಸಾಯ್ತು’, ‘ಸೋಮಾರಿತನ’. ಮಗ ಗಲ್ಲಾಪೆಟ್ಟಿಗೆ ಹತ್ರ ನಿಂತು ಎಲ್ಲರ ಮುಂದೆ ಅಪ್ಪನ್ನ ಗದರ್ತಾನೆ. ಗದರೋಕೆ ಮುಂಚೆ ಒಂದ್ಸಲ ಅವರ ಬಿಪಿ ನೋಡಿಸಿ. ಇವೆಲ್ಲಕ್ಕೂ ಬೇರೆ ಕಾರಣಗಳೂ ಇರಬಹುದು. ಥೈರಾಯ್ಡ್, ವಿಟಮಿನ್ ಬಿ12 ಕೊರತೆ, ಖಿನ್ನತೆ, ಕಿವಿ ಮಂದ, ಇವಕ್ಕೆ ಚಿಕಿತ್ಸೆ ಇದೆ. ಅದಕ್ಕೇ ತೋರಿಸಬೇಕು ಅನ್ನೋದು.

ಮಾತ್ರೆ ಬಿಟ್ಟರೆ ಯಾಕೆ ನಷ್ಟ

ಹಾಳಾದ ಬಿಳಿ ಭಾಗವನ್ನು ಮೊದಲಿನಂತೆ ಮಾಡುವ ಔಷಧಿ ಇಲ್ಲ. ಮುಂದೆ ಹಾಳಾಗೋದನ್ನ ನಿಧಾನ ಮಾಡಬಹುದು. ಅದಕ್ಕೆ ಇರೋ ಗಟ್ಟಿ ಸಾಕ್ಷಿ ಬಿಪಿಯದ್ದೇ.

ಅಮೆರಿಕದಲ್ಲಿ ‘ಸ್ಪ್ರಿಂಟ್’ ಅನ್ನೋ ದೊಡ್ಡ ಅಧ್ಯಯನ ನಡೀತು. 50 ದಾಟಿದ, ಬಿಪಿ ಇದ್ದ, ಆದ್ರೆ ಶುಗರ್ ಇಲ್ಲದ 9,361 ಜನರನ್ನು ಎರಡು ಗುಂಪು ಮಾಡಿದ್ರು. ಒಂದು ಗುಂಪಿಗೆ ಮೇಲಿನ ಬಿಪಿ 140ರ ಒಳಗೆ, ಇನ್ನೊಂದಕ್ಕೆ 120ರ ಒಳಗೆ ಇರಬೇಕು ಅಂತ ಗುರಿ. ಇವರಲ್ಲಿ 449 ಜನರಿಗೆ ಸುಮಾರು 4 ವರ್ಷದ ನಂತರ ಮತ್ತೆ ಎಂಆರ್‌ಐ ಮಾಡಿದ್ರು. 140ರ ಗುಂಪಿನಲ್ಲಿ ಬಿಳಿ ಹಾನಿ ಸರಾಸರಿ 1.45 ಘನ ಸೆಂಟಿಮೀಟರ್ ಹೆಚ್ಚಿತ್ತು, 120ರ ಗುಂಪಿನಲ್ಲಿ 0.92 ಮಾತ್ರ. 2019ರಲ್ಲಿ ಪ್ರಕಟವಾದ ಲೆಕ್ಕ ಇದು. ಹಾನಿ ನಿಂತಿಲ್ಲ, ಆದ್ರೆ ನಿಧಾನವಾಗಿದೆ. ನೆನಪು, ಯೋಚನೆಯಲ್ಲಿ ಆಗುವ ಆರಂಭದ ಕುಂದೂ ಆ ಗುಂಪಿನಲ್ಲಿ ಕಡಿಮೆ ಇತ್ತು.

ಇದನ್ನ ಓದಿ ನೀವೇ ಮಾತ್ರೆ ಜಾಸ್ತಿ ಮಾಡ್ಕೊಬೇಡಿ. ವಯಸ್ಸಾದವರಿಗೆ ಬಿಪಿ ತೀರಾ ಇಳಿದ್ರೆ ಎದ್ದ ಕೂಡಲೇ ತಲೆಸುತ್ತಿ ಬೀಳ್ತಾರೆ. ಯಾರಿಗೆ ಎಷ್ಟು ಗುರಿ ಅನ್ನೋದು ಡಾಕ್ಟರ್ ತೀರ್ಮಾನ. ನಮ್ಮ ಕಡೆ ತೊಂದರೆ ಇದರ ಉಲ್ಟಾ. ‘ಚೆನ್ನಾಗೇ ಇದೀನಲ್ಲ’ ಅಂತ ಮಾತ್ರೆ ನಿಲ್ಲಿಸಿಬಿಡ್ತಾರೆ. ಬಿಪಿ ನಾರ್ಮಲ್ ಬಂದಿರೋದೇ ಮಾತ್ರೆಯಿಂದ.

ನಮ್ಮ ಜಿಲ್ಲೆಯಲ್ಲೇ ಏನಿದೆ

ಮೆದುಳಿನ ಮುಪ್ಪಿನ ಬಗ್ಗೆ ದೇಶದ ದೊಡ್ಡ ಗ್ರಾಮೀಣ ಅಧ್ಯಯನಗಳಲ್ಲಿ ಒಂದು ನಮ್ಮ ಶ್ರೀನಿವಾಸಪುರ ತಾಲೂಕಿನ ಹಳ್ಳಿಗಳಲ್ಲೇ ನಡೀತಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಸೆಂಟರ್ ಫಾರ್ ಬ್ರೈನ್ ರಿಸರ್ಚ್ ಇದನ್ನ ನಡೆಸ್ತಿದೆ. 45 ದಾಟಿದ 10,000 ಜನರನ್ನು ವರ್ಷಗಟ್ಟಲೆ ಮತ್ತೆ ಮತ್ತೆ ಪರೀಕ್ಷಿಸಬೇಕು ಅನ್ನೋದು ಗುರಿ. ನಿಮ್ಹಾನ್ಸ್ ಮತ್ತು ಆರೋಗ್ಯ ಇಲಾಖೆ ಸೇರಿ ಮಾಡಿದ ಕರ್ನಾಟಕ ಬ್ರೈನ್ ಹೆಲ್ತ್ ಇನಿಶಿಯೇಟಿವ್ ಮೊದಲು ಶುರುವಾದ ಜಿಲ್ಲೆಗಳಲ್ಲೂ ಕೋಲಾರ ಒಂದು. ಮರೆವು, ಸ್ಟ್ರೋಕ್, ಫಿಟ್ಸ್, ತಲೆನೋವಿನ ತೊಂದರೆ ಇದ್ದವರು ಜಿಲ್ಲಾಸ್ಪತ್ರೆಯಲ್ಲಿ ಬ್ರೈನ್ ಹೆಲ್ತ್ ಕ್ಲಿನಿಕ್ ಬಗ್ಗೆ ಕೇಳಬಹುದು. ಬಿಪಿ, ಶುಗರ್ ನೋಡಿಸೋಕೆ, ಮಾತ್ರೆಗೆ ಪಿಎಚ್‌ಸಿ ಅಥವಾ ತಾಲೂಕು ಆಸ್ಪತ್ರೆಯ ಎನ್‌ಸಿಡಿ ಕ್ಲಿನಿಕ್ ಇದೆ, ದುಡ್ಡು ಕೊಡಬೇಕಾಗಿಲ್ಲ.

ಮಾಡಬೇಕಾದ್ದು, ಮಾಡಬಾರದ್ದು

* 30 ದಾಟಿದ ಎಲ್ಲರೂ ವರ್ಷಕ್ಕೊಮ್ಮೆಯಾದರೂ ಬಿಪಿ, ಶುಗರ್ ನೋಡಿಸಿ. 140/90 ಅಥವಾ ಅದಕ್ಕಿಂತ ಹೆಚ್ಚು ಬಂದ್ರೆ ಇನ್ನೊಂದು ದಿನ ಮತ್ತೆ ನೋಡಿಸಿ, ಹಾಗೇ ಬಿಡಬೇಡಿ.
* ಬೀಡಿ, ಸಿಗರೇಟ್ ಬಿಡಿ. ಸಣ್ಣ ನಾಳಕ್ಕೆ ಅದೂ ಶತ್ರು.
* ಉಪ್ಪು ಒಬ್ಬರಿಗೆ ದಿನಕ್ಕೆ 5 ಗ್ರಾಂ ಒಳಗೆ, ಅಂದ್ರೆ ಒಂದು ಟೀ ಚಮಚದೊಳಗೆ. ಉಪ್ಪಿನಕಾಯಿ, ಹಪ್ಪಳ, ಮಿಕ್ಸ್ಚರ್ ಕೂಡ ಲೆಕ್ಕಕ್ಕೆ ಸೇರಿಸಿ.
* ಬೆಳಗ್ಗೆಯಿಂದ ರಾತ್ರಿವರೆಗೆ ಗಲ್ಲಾದಲ್ಲೇ ಕೂರೋ ಅಂಗಡಿಯವರು ದಿನಾ ಅರ್ಧ ಗಂಟೆ ನಡೀರಿ.
* ಸ್ಕ್ಯಾನ್‌ನಲ್ಲಿ ಚುಕ್ಕೆ ಕಂಡಿತು ಅನ್ನೋ ಒಂದೇ ಕಾರಣಕ್ಕೆ ಮೆಡಿಕಲ್ ಸ್ಟೋರ್‌ನಿಂದ ಆಸ್ಪಿರಿನ್ ತಂದು ನುಂಗಬೇಡಿ. ರಕ್ತಸ್ರಾವದ ಅಪಾಯ ಇದೆ. ಡಾಕ್ಟರ್ ಮೊದಲೇ ಬರೆದುಕೊಟ್ಟಿದ್ರೆ, ಕೇಳದೆ ನಿಲ್ಲಿಸಲೂ ಬೇಡಿ.
* ಹಳೇ ರಿಪೋರ್ಟ್, ಫಿಲಂ ಎಸೀಬೇಡಿ. ಮುಂದಿನ ಸ್ಕ್ಯಾನ್ ಜೊತೆ ಹೋಲಿಸಿ ನೋಡೋಕೆ ಬೇಕು.

ಇನ್ನೊಂದು ಮುಖ್ಯ ಮಾತು. ಬಾಯಿ ಒಂದು ಕಡೆ ಸೊಟ್ಟ ಆಗೋದು, ಒಂದು ಕೈ ಎತ್ತೋಕೆ ಆಗದೆ ಇರೋದು, ಮಾತು ತೊದಲೋದು ಇದ್ದಕ್ಕಿದ್ದ ಹಾಗೆ ಆದ್ರೆ ಅದು ಸ್ಟ್ರೋಕ್. ಎಣ್ಣೆ ಹಚ್ಚಿ, ನಾಟಿ ಔಷಧಿ ಕುಡಿಸಿ ಬೆಳಗಾಗಲಿ ಅಂತ ಕಾಯಬೇಡಿ. ರಕ್ತದ ಗೆಡ್ಡೆ ಕರಗಿಸುವ ಇಂಜೆಕ್ಷನ್‌ಗೆ ಸಾಮಾನ್ಯವಾಗಿ ಇರೋ ಟೈಮು ನಾಲ್ಕೂವರೆ ಗಂಟೆ. ಕೂಡಲೇ 108ಕ್ಕೆ ಫೋನ್ ಮಾಡಿ, ಸಿಟಿ ಸ್ಕ್ಯಾನ್ ಇರೋ ಆಸ್ಪತ್ರೆಗೇ ಕರೆದುಕೊಂಡು ಹೋಗಿ. ತೊಂದರೆ ಶುರುವಾದ ಟೈಮ್ ಎಷ್ಟು ಅಂತ ಬರೆದಿಟ್ಟುಕೊಳ್ಳಿ, ಡಾಕ್ಟರ್ ಮೊದಲು ಕೇಳೋದೇ ಅದನ್ನ.