ಮರಳುದಾರಿಯ ವಾಹನಕ್ಕೆ ಕೀಲೆಣ್ಣೆ

ಎತ್ತಿನ ಗಾಡಿಯಲ್ಲಿ ಜಾತ್ರೆಗೆ ಹೋಗಿಬಂದ ನೆನಪುಳ್ಳವರಿಗೆ ಕೀಲೆಣ್ಣೆಯ ಪರಿಚಯ ಇದ್ದೇ ಇರುತ್ತದೆ. ಅಚ್ಚಿಗೆ ಆ ಕಪ್ಪೆಣ್ಣೆಯನ್ನು ಸವರದೆ ಯಾರೂ ಗಾಡಿಯನ್ನು ದೂರದ ಹಾದಿಗೆ ಹೂಡುತ್ತಿರಲಿಲ್ಲ. ಕಿರುಗುಟ್ಟುವುದಕ್ಕೆಲ್ಲ ಎಣ್ಣೆಯೇ ಮದ್ದು ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದ್ದು ಹೀಗೆ. ಆದರೆ ಇಂದಿನ ಮರುಭೂಮಿ ವಾಹನಗಳ ಅಡಿಯಲ್ಲಿ ಕಿರುಗುಟ್ಟುವ ಒಂದು ಪುಟ್ಟ ಭಾಗಕ್ಕೆ ಈ ಮದ್ದು ಅನೇಕ ವೇಳೆ ವಿಷವಾಗುತ್ತದೆ. ಅದೇ ಲೀಫ್ ಸ್ಪ್ರಿಂಗಿನ ಬುಷ್.

ಕುವೈತಿನ ಕಡಲತೀರದ ಬಡಾವಣೆಯಾದ ಮಹಬೂಲಾದಲ್ಲಿ ಭಾರತೀಯರ ವಸತಿ ದಟ್ಟವಾಗಿದೆ. ಚಳಿಗಾಲದಲ್ಲಿ, ಅಂದರೆ ನವೆಂಬರ್ ಮಧ್ಯದಿಂದ ಮಾರ್ಚ್ ಮಧ್ಯದವರೆಗೆ, ಈ ನಾಡಿನ ಜನ ಮರುಭೂಮಿಯಲ್ಲಿ ಗುಡಾರ ಹೂಡಿ ವಿಹರಿಸುವುದು ವಾಡಿಕೆ. ಶುಕ್ರವಾರ, ಶನಿವಾರಗಳಂದು ಟೊಯೋಟಾ ಲ್ಯಾಂಡ್ ಕ್ರೂಸರ್, ಹೈಲಕ್ಸ್ ಮೊದಲಾದ ವಾಹನಗಳು ಸಾಮಾನು ಹೇರಿಕೊಂಡು ಡಾಂಬರು ರಸ್ತೆಯಿಂದ ಮರಳಿಗಿಳಿಯುತ್ತವೆ. ಅವುಗಳ ಚಾಲಕರಲ್ಲಿ, ಅವನ್ನು ದುರಸ್ತಿ ಮಾಡುವವರಲ್ಲಿ ನಮ್ಮ ಕರಾವಳಿಯವರೂ ಇದ್ದಾರೆ. ಆದುದರಿಂದ ಈ ವಿಷಯ ನಮ್ಮವರ ಅನ್ನಕ್ಕೂ ಪ್ರಾಣಕ್ಕೂ ಸಂಬಂಧಿಸಿದ್ದು.

ಲೀಫ್ ಸ್ಪ್ರಿಂಗ್ ಎಂದರೆ ಒಂದರ ಮೇಲೊಂದು ಜೋಡಿಸಿ ಬಿಗಿದ ಬಾಗಿದ ಉಕ್ಕಿನ ಪಟ್ಟಿಗಳ ಕಟ್ಟು. ಇವುಗಳಲ್ಲಿ ಮುಖ್ಯ ಪಟ್ಟಿಯ ಎರಡು ತುದಿಗಳನ್ನೂ ಬಳೆಯಂತೆ ಸುರುಳಿ ಮಾಡಿರುತ್ತಾರೆ. ಇದಕ್ಕೆ ಸ್ಪ್ರಿಂಗಿನ ಕಣ್ಣು ಎಂದು ಹೆಸರು. ಒಂದು ಕಣ್ಣು ಚಾಸಿಗೆ ನೇರವಾಗಿ ಸೇರುತ್ತದೆ. ಇನ್ನೊಂದು ಶ್ಯಾಕಲ್ ಎಂಬ ತೂಗುಕೊಂಡಿಯ ಮೂಲಕ ಸೇರುತ್ತದೆ. ಭಾರ ಬಿದ್ದಾಗ ಬಾಗು ಚಪ್ಪಟೆಯಾಗಿ ಸ್ಪ್ರಿಂಗು ಉದ್ದವಾಗುವುದರಿಂದ ಈ ಕೊಂಡಿ ಅವಶ್ಯಕ. ಎರಡು ಕಣ್ಣುಗಳಲ್ಲಿಯೂ ಕೊಂಡಿಯ ಮೇಲ್ತುದಿಯಲ್ಲಿಯೂ, ಹೀಗೆ ಸ್ಪ್ರಿಂಗೊಂದಕ್ಕೆ 3 ಕಡೆ, ಲೋಹಕ್ಕೂ ಲೋಹಕ್ಕೂ ನಡುವೆ ಕುಳಿತು ಪೆಟ್ಟು ತಿನ್ನುವುದೇ ಬುಷ್.

ಬುಷ್‌ಗಳಲ್ಲಿ ಮುಖ್ಯವಾಗಿ ಮೂರು ಜಾತಿ. ಮೊದಲನೆಯದು ರಬ್ಬರಿನದು. ಲೋಹದ ಕೊಳವೆಗೆ ಬೆಸೆದ ರಬ್ಬರ್ ಬುಷ್ ಉಜ್ಜುವುದಿಲ್ಲ. ರಬ್ಬರೇ ತಿರುಚಿಕೊಂಡು ಮತ್ತೆ ಸ್ವಸ್ಥಾನಕ್ಕೆ ಮರಳುತ್ತದೆ. ಉಜ್ಜದಿರುವಲ್ಲಿ ಎಣ್ಣೆಗೆ ಕೆಲಸವಿಲ್ಲ. ಸಾಲದ್ದಕ್ಕೆ, ಪೆಟ್ರೋಲಿಯಂ ಮೂಲದ ಎಣ್ಣೆ ಮತ್ತು ಗ್ರೀಸುಗಳು ಸಹಜ ರಬ್ಬರನ್ನು ಉಬ್ಬಿಸಿ ಮೆತ್ತಗಾಗಿಸುತ್ತವೆ. ಬಳಸಿ ಬಿಸಾಡಿದ ಇಂಜಿನ್ ಎಣ್ಣೆಯನ್ನು ಸುರಿದಾಗ ಸದ್ದು ಅಡಗಬಹುದು. ಬುಷ್‌ನ ಆಯುಸ್ಸೂ ಅದರೊಡನೆ ಅಡಗುತ್ತದೆ. ಹೊಸದನ್ನು ಕೂರಿಸುವಾಗ ಸಾಬೂನು ನೀರು ಸಾಕು.

ಎರಡನೆಯದು ಪಾಲಿಯುರೆಥೇನಿನದು. ರಬ್ಬರಿಗಿಂತ ಗಡುಸಾದ ಇದರೊಳಗೆ ಕೊಳವೆ ನಿಜವಾಗಿಯೂ ತಿರುಗುತ್ತದೆ. ಒಣಗಿದರೆ ಕೀರಲು ದನಿ ನಿಶ್ಚಿತ. ತಯಾರಕರು ಸೂಚಿಸುವ ಸಿಲಿಕೋನ್ ಗ್ರೀಸನ್ನು ಇದಕ್ಕೆ ಕಾಲಕಾಲಕ್ಕೆ ಹಚ್ಚಬೇಕು.

ಮೂರನೆಯದು ಲೋಹದ ಬುಷ್. ಲಾರಿಗಳಲ್ಲಿ ಇದು ಸಾಮಾನ್ಯ. ಕರ್ನಾಟಕದ ಕಾಫಿ ಸೀಮೆಗೆ ಚಿರಪರಿಚಿತವಾದ ವಿಲ್ಲಿಸ್ ಮಾದರಿಯ ಹಳೆಯ ಜೀಪುಗಳ ಶ್ಯಾಕಲ್‌ಗಳಿಗೂ ಗ್ರೀಸ್ ನಿಪ್ಪಲ್ ಉಂಟು. ಕೀಲೆಣ್ಣೆಯ ನ್ಯಾಯ ಸಲ್ಲುವುದು ಇಲ್ಲಿಯೇ. ನಿಪ್ಪಲಿನ ಮಣ್ಣನ್ನು ಒರೆಸಿ, ಒಳಗಿನ ಹಳೆಯ ಕೊಳಕು ಗ್ರೀಸು ಹೊರಬಂದು ಹೊಸದು ಇಣುಕುವವರೆಗೆ ಗ್ರೀಸ್ ಗನ್ನಿನಿಂದ ತುಂಬಬೇಕು. ಬಳಿಕ ಹೊರಗೆ ಉಳಿದುದನ್ನು ಪೂರ್ಣವಾಗಿ ಒರೆಸಬೇಕು. ಜಿಡ್ಡಿಗೆ ಮರಳು ಅಂಟಿದರೆ ಅದು ಸಾಣೆಹಿಟ್ಟಿನಂತೆ ಲೋಹವನ್ನೇ ಅರೆಯುತ್ತದೆ.

ಈ ನಾಡಿನ ಹವೆ ಬುಷ್‌ಗೆ ಪ್ರಬಲ ಶತ್ರು. ಕುವೈತಿನ ಮಿತ್ರಿಬಾದಲ್ಲಿ 2016ರ ಜುಲೈ 21ರಂದು 53.9 ಡಿಗ್ರಿ ಸೆಲ್ಸಿಯಸ್ ತಾಪ ದಾಖಲಾಯಿತು. ಇಂಥ ಬೇಸಿಗೆಯಲ್ಲಿ ಬಯಲಲ್ಲಿ ನಿಂತ ವಾಹನದ ರಬ್ಬರು ಕಾಲಕ್ರಮೇಣ ಗಡುಸಾಗಿ ಬಿರುಕು ಬಿಡುತ್ತದೆ. ಕಡಲಂಚಿನ ಉಪ್ಪುನೆಲದಲ್ಲಿ ಓಡಾಡಿದರೆ ಬೋಲ್ಟುಗಳು ತುಕ್ಕು ಹಿಡಿದು ಕೊಳವೆಗೆ ಕಚ್ಚಿಕೊಳ್ಳುತ್ತವೆ. ಹಿಂದಿರುಗಿದ ದಿನವೇ ವಾಹನದ ಅಡಿಭಾಗವನ್ನು ಸಿಹಿನೀರಿನಿಂದ ತೊಳೆಯುವುದು ಅತಿ ಅಗ್ಗದ ಆರೈಕೆ.

ಸವೆತದ ಲಕ್ಷಣಗಳು ಹಲವು: ಬ್ರೇಕ್ ಒತ್ತಿದಾಗ ಅಡಿಯಿಂದ ‘ಟಕ್’ ಎಂಬ ಸದ್ದು, ನೇರ ರಸ್ತೆಯಲ್ಲಿಯೂ ಅತ್ತಿತ್ತ ಎಳೆಯುವ ವಾಹನ, ಕಣ್ಣಿನ ಅಂಚಿನಿಂದ ಹೊರಚೆಲ್ಲಿದ ರಬ್ಬರ್ ಚೂರು. ಸಮತಟ್ಟಾದ ಗಟ್ಟಿ ನೆಲದಲ್ಲಿ ವಾಹನವನ್ನು ನಿಲ್ಲಿಸಿ, ಚಕ್ರಗಳಿಗೆ ತಡೆಯಿಟ್ಟು, ಸಣ್ಣ ಹಾರೆಯಿಂದ ಸ್ಪ್ರಿಂಗಿನ ಕಣ್ಣನ್ನು ಮೀಟಿ ನೋಡಿದರೆ ಸಡಿಲಿಕೆ ತಿಳಿಯುತ್ತದೆ. ಜ್ಯಾಕ್ ಒಂದನ್ನೇ ನಂಬಿ ವಾಹನದಡಿಗೆ ತೂರಬಾರದು. ಸವೆದ ಬುಷ್‌ನ್ನು ಹಾಗೆಯೇ ಬಿಟ್ಟರೆ ರಂಧ್ರ ಮೊಟ್ಟೆಯಾಕಾರಕ್ಕೆ ತಿರುಗಿ, ಅಚ್ಚು ತನ್ನ ನೆಲೆ ತಪ್ಪುತ್ತದೆ. ದಿಬ್ಬದ ಇಳಿಜಾರಿನಲ್ಲಿ, ಮಕ್ಕಳು ಹಿಂದೆ ಕುಳಿತಿರುವಾಗ, ಅದು ಎಂಥ ಅನಾಹುತಕ್ಕೆ ದಾರಿಯಾದೀತೆಂದು ಊಹಿಸಬಹುದು.

ಇನ್ನೊಂದು ಸೂಕ್ಷ್ಮವನ್ನು ಹೇಳಲೇಬೇಕು. ರಬ್ಬರ್ ಬುಷ್ ಬದಲಾಯಿಸಿದ ಮೇಲೆ ವಾಹನವನ್ನು ಚಕ್ರದ ಮೇಲೆ ಇಳಿಸಿ, ಭಾರ ಕೂತ ನಂತರವೇ ಬೋಲ್ಟಿನ ಅಂತಿಮ ಬಿಗಿತ ಮಾಡಬೇಕು. ಎತ್ತಿದ ಸ್ಥಿತಿಯಲ್ಲೇ ಬಿಗಿದರೆ ರಬ್ಬರು ಸದಾ ತಿರುಚಿಕೊಂಡೇ ಇದ್ದು ಬೇಗನೆ ಹರಿಯುತ್ತದೆ. ಆತುರದ ಗ್ಯಾರೇಜುಗಳಲ್ಲಿ ಈ ಹೆಜ್ಜೆ ತಪ್ಪಿಹೋಗುವುದುಂಟು.

ಬೇರೆ ಬೇರೆ ದೇಶಗಳಿಂದ ಈ ಸಮ್ಮೇಳನಕ್ಕೆ ಆಗಮಿಸಿರುವ ಬಂಧುಗಳಲ್ಲಿ ಜೀಪು, ಪಿಕಪ್ ಇಟ್ಟುಕೊಂಡವರು ಅನೇಕರಿರಬಹುದು. ಮುಂದಿನ ಸಲ ವಾಹನ ಕಿರುಗುಟ್ಟಿದಾಗ ಎಣ್ಣೆಯ ಡಬ್ಬಿಗೆ ಕೈಯೊಡ್ಡುವ ಮೊದಲು, ಬುಷ್ ರಬ್ಬರಿನದೋ, ಪಾಲಿಯುರೆಥೇನಿನದೋ, ಲೋಹದ್ದೋ ಎಂದು ವಾಹನದ ಕೈಪಿಡಿಯನ್ನು ತೆರೆದು ನೋಡಿ, ಇಲ್ಲವೇ ಬಲ್ಲ ಮೆಕ್ಯಾನಿಕನನ್ನು ಕೇಳಿ. ಅದು ತಿಳಿದ ಮೇಲೆ ಉಳಿದ ಕೆಲಸ ಕಷ್ಟವೇನಲ್ಲ.